ದೇಹ ಬಿಡುವ ಪಾಠ

ಧ್ಯಾನದಲ್ಲಿ ದೇಹ ಬಿಟ್ಟು ಹೊರಗೆ ಬರುವುದನ್ನು ಕಲಿಸುವ ತರಗತಿ ಅದು. ಹತ್ತೊಂಬತ್ತು ದಿನ ಜಮಖಾನದ ಮೇಲೆ ಅಂಗಾತ ಮಲಗಿದರೂ ವಾರಿಜ ತನ್ನ ದೇಹದಿಂದ ಒಂದಂಗುಲವೂ ಆಚೆ ಹೋಗಿರಲಿಲ್ಲ. ಗುರುಗಳ ಬೈಗುಳ ಕೇಳಿ ಕೇಳಿ ಅವಳಿಗೂ ರೇಗಿಹೋಗಿತ್ತು.

"ಮೈ ಸಡಿಲ ಬಿಡು ಅಂದ್ರೆ ಕಟ್ಟಿಗೆ ಥರ ಮಲಗ್ತೀಯಲ್ಲ! ಈ ದೇಹದ ಮೇಲೆ ಅಷ್ಟೇನಮ್ಮಾ ಮೋಹ ನಿನಗೆ?"

"ಹೊರಗೆ ಹೋಗಿ ಬಂದವರನ್ನ ಒಬ್ಬರನ್ನಾದ್ರೂ ತೋರಿಸಿ ಗುರುಗಳೇ, ಆಮೇಲೆ ಬೈಯಿರಿ."

ಗುರುಗಳಿಗೆ ಸಿಟ್ಟು ನೆತ್ತಿಗೇರಿತು. ಕಷಾಯದ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯತ್ತ ತಿರುಗಿ, "ಬಾರೇ ಇಲ್ಲಿ, ಮಲಗು!" ಎಂದು ಗದರಿದರು.

ಆಕೆ ತಟ್ಟೆ ಕೆಳಗಿಟ್ಟು, ರವಿಕೆಯ ತುಂಬುತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡು ಮಲಗಿದರು. ಮೂರು ಎಣಿಸುವಷ್ಟರಲ್ಲಿ ಆ ಮುಖದಿಂದ ಯಾರೋ ಎದ್ದು ಹೋದಂತಾಯಿತು. ಗುರುಗಳು ಅಂಗಾಲಿಗೆ ಪಿನ್ನು ಚುಚ್ಚಿದರು. ರೆಪ್ಪೆಯೂ ಅಲುಗಲಿಲ್ಲ.

"ನೋಡಿದ್ರಾ? ದೇಹ ಇಲ್ಲಿದೆ, ಇವಳಿಲ್ಲ. ಇದು ನಾನು ಕಲಿಸಿದ್ದು!"

ಸ್ವಲ್ಪ ಹೊತ್ತಿನ ಮೇಲೆ ಆಕೆ ಎದ್ದು, ಸೆರಗು ಸರಿಮಾಡಿಕೊಂಡು, ಕಷಾಯ ಹಂಚತೊಡಗಿದರು. ವಾರಿಜಳಿಗೆ ಸಿಟ್ಟಿನ ಜೊತೆಗೆ ಹೊಟ್ಟೆಕಿಚ್ಚೂ ಸೇರಿಕೊಂಡಿತು.

"ನನಗೆ ಹತ್ತೊಂಬತ್ತು ದಿನಕ್ಕೂ ಬರಲಿಲ್ಲ ಅಕ್ಕಾ. ನಿಮಗೆ ಎಷ್ಟು ದಿನಕ್ಕೆ ಬಂತು?"

"ಮದುವೆಯಾದ ಮೊದಲನೇ ವಾರಕ್ಕೇ ಬಂತಮ್ಮಾ," ಎಂದರು ಆಕೆ, ಲೋಟ ಕೈಗಿಡುತ್ತ. "ಇವರು ಚಿಲಕ ಹಾಕಿ, ಗೋಡೆ ಮೊಳೆಗೆ ನೇತುಹಾಕಿರೋ ಬೆಲ್ಟಿಗೆ ಕೈ ಚಾಚಿದ್ರೆ ಸಾಕು, ನಾನು ಹೋಗಿ ಫ್ಯಾನಿನ ಮೇಲೆ ಕೂತುಬಿಡ್ತೀನಿ."