ಜಗ್ಗದೆ ಹಿಡಿದ ಕುತ್ತಿಗೆ

ಐದು ನಿಮಿಷ ಪುರುಸೊತ್ತಿದ್ದರೆ ಪೂರ್ತಿ ಓದಿ... ಮನೆಯಲ್ಲಿ ಕುತ್ತಿಗೆ ನೋವಿನವರು ಯಾರಾದರೂ ಇದ್ದರೆ ಅವರಿಗೂ ಓದಿ ಹೇಳಿ.

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದಿದ್ದವಂತೆ. ಹೀಗೆ ಹುಟ್ಟಿದವರು ಮುಟ್ಟಿದರೆ ಉಳುಕು ಬಿಡುತ್ತದೆ ಎಂದು ನಮ್ಮ ಗದಗದ ಕಡೆ ನಂಬುತ್ತಾರೆ.

ಹಾಗಾಗಿ ಚಿಕ್ಕ ವಯಸ್ಸಿನಿಂದಲೇ ನಮ್ಮ ಬಾಗಿಲಿಗೆ ಜನ... ಕಾಲು, ಸೊಂಟ, ಕುತ್ತಿಗೆ. ಎಣ್ಣೆ ಸವರಿ ಒಮ್ಮೆ ಜಗ್ಗಿದರೆ 'ಲಟಕ್' ಅನ್ನುತ್ತಿತ್ತು, ಬಂದವರು ನಗುತ್ತಾ ಹೋಗುತ್ತಿದ್ದರು.

ಆದರೆ ಇಪ್ಪತ್ತು ವರ್ಷಗಳಿಂದ ಕುತ್ತಿಗೆ ಹಿಡಿದುಕೊಂಡು ಬಂದವರನ್ನು ಮಾತ್ರ ಏನಾದರೂ ನೆಪ ಹೇಳಿ ಕಳಿಸುತ್ತಿದ್ದೆ. ಯಾಕೆಂದು ಯಾರಿಗೂ ಹೇಳಿರಲಿಲ್ಲ...

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲೊಂದು ಹೊಸ ಮನೆಗೆ ಸ್ಲ್ಯಾಬ್ ಹಾಕುತ್ತಿದ್ದರು. ಹೆಂಗಸರು ತಲೆಯ ಮೇಲೆ ಕಾಂಕ್ರೀಟ್ ಬುಟ್ಟಿ ಹೊತ್ತು ಹಲಗೆ ಏರುತ್ತಿದ್ದರು.

ಅವರಲ್ಲಿ ಪಾರವ್ವ ಒಬ್ಬಳು. ಇಪ್ಪತ್ನಾಲ್ಕು ವರ್ಷದವಳು, ಮನೆಯಲ್ಲಿ ಇನ್ನೂ ಹಾಲು ಕುಡಿಯುವ ಮಗಳು. ಹಲಗೆಯ ಮೇಲೆ ಕಾಲು ಜಾರಿ, ತುಂಬಿದ ಬುಟ್ಟಿಯ ಸಮೇತ ಕೆಳಗೆ ಬಿದ್ದಳು.

ಅವಳ ಗಂಡ ಫಕೀರಪ್ಪ ಓಡಿಬಂದು, ಓಣಿಯವರೆಲ್ಲ 'ಆಯಿ' ಅನ್ನುವ ಈ ಮುದುಕಿಯನ್ನು ಕರೆದುಕೊಂಡು ಹೋದ. ಉಸುಕಿನ ಮೇಲೆ ಅಂಗಾತ ಬಿದ್ದಿದ್ದಳು. ತಲೆ ಒಂದು ಕಡೆ ವಾಲಿತ್ತು.

"ಆಯಿ, ಕುತ್ತಿಗಿ ಭಾಳ ನೋಯ್ತೈತ್ರಿ... ಕೈಯಾಗ ಇರುವಿ ಹರದಾಂಗ ಆಗಾಕತ್ತೈತಿ."



ಅವಳ ತಲೆಯ ಹಿಂದೆ ಬೋರಲು ಮಲಗಿ, ಮೊಣಕೈ ಉಸುಕಿಗೆ ಊರಿ, ಎರಡೂ ಅಂಗೈಯಿಂದ ತಲೆ ಹಿಡಿದೆ. ಹೇಗಿತ್ತೋ ಹಾಗೇ... ಜಗ್ಗಲಿಲ್ಲ.

"ಪಾರವ್ವ, ತಲಿ ಅಲಗಸಬ್ಯಾಡ. ಹೂಂ ಅನ್ನೂದಿದ್ರೂ ಬಾಯಿಲೆ ಅನ್ನು. ಮೇಸ್ತ್ರಿ, 108ಕ್ಕ ಫೋನ್ ಹಚ್ಚಪ್ಪ!"

"ಅಂಬುಲೆನ್ಸ್ ಯಾಕ್ರಿ ಆಯಿ? ಒಂದ್ ಸಲ ಜಗ್ಗಿಬಿಡ್ರಿ, ಎದ್ದು ಕುಂದರತಾಳ. ಸ್ಲ್ಯಾಬ್ ಅರ್ಧಕ್ಕ ನಿಂತ್ರ ನಾಳೆ ಬಿರುಕು ಬಿಡತೈತಿ."

"ಸ್ಲ್ಯಾಬ್ ಒಡದು ಮತ್ತ ಹಾಕಬಹುದು. ಈಕಿನ್ನ ಹಾಕಾಕ ಬರ್ತೈತೇನಪ್ಪ?"

ಮೇಸ್ತ್ರಿ ಗೊಣಗುತ್ತಲೇ ಫೋನ್ ಮಾಡಿದ.

"ಜಗ್ಗ್ರಿ ಆಯಿ... ನಿಮ್ಮ ಕಾಲಿಗೆ ಬೀಳ್ತೀನಿ," ಪಾರವ್ವ ಅಳತೊಡಗಿದಳು.

"ಒಮ್ಮಿ ಬಿದ್ದಿದ್ದು ಸಾಕು, ಈಗ ಸುಮ್ನ ಮಲಕೋ," ಅಂದೆ.

ಹತ್ತು ನಿಮಿಷ... ಹದಿನೈದು ನಿಮಿಷ... ಮೊಣಕೈ ಚರ್ಮ ಸುಲಿಯಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

"ಆಯಿ ಕೈಯಾಗ ಈಗ ಕಸುವಿಲ್ಲ, ಅದಕ್ಕ ಈ ನಾಟಕ," ಹಿಂದಿನಿಂದ ಯಾರೋ ಅಂದರು.

ಫಕೀರಪ್ಪನ ತಾಳ್ಮೆ ತಪ್ಪಿತು. ನನ್ನ ಮಣಿಕಟ್ಟು ಹಿಡಿದ.

"ನಿಮಗ ಆಗ್ದಿದ್ರ ಸರೀರಿ. ನೀವು ಕಾಲು ಜಗ್ಗೂದು ನೂರು ಸಲ ನೋಡೀನಿ. ನಾನ ಜಗ್ಗತೀನಿ."

ಅವನು ಗಟ್ಟಿ ಆಳು. ನನ್ನ ಕೈ ಕಿತ್ತು ಹಾಕುವುದು ಅವನಿಗೆ ಕಷ್ಟವಲ್ಲ. ನನ್ನ ಹತ್ತಿರ ಉಳಿದದ್ದು ಒಂದೇ ಮಾತು...

"ಫಕೀರಪ್ಪ, ನನ್ನ ತಮ್ಮ ಯಮನೂರ ಹೆಂಗ ಹಾಸಿಗಿ ಹಿಡದ ಗೊತ್ತೈತೇನು?"

"ಬಂಡಿ ಮ್ಯಾಲಿಂದ ಬಿದ್ದು... ಊರಿಗೇ ಗೊತ್ತೈತಿ."

"ಊರಿಗೆ ನಾನು ಹೇಳಿದ್ದು ಸುಳ್ಳು. ಬಂಡಿಯಿಂದ ಬಿದ್ದಾಗ ಅವನ ಕೈಕಾಲು ಆಡತಿದ್ವು. ಎದ್ದು ಕುಂತು ನೀರು ಕುಡದ. 'ಕುತ್ತಿಗಿ ಹಿಡದೈತಿ ಅಕ್ಕಾ' ಅಂದ. ನಾನು ಜಗ್ಗಿದೆ... ಲಟಕ್ ಅಂತು. ಅಷ್ಟ. ಹನ್ನೊಂದು ವರ್ಷ ಮಲಗಿದಲ್ಲೇ ಇದ್ದ. ಇದ ಕೈಲೆ ತುತ್ತು ಮಾಡಿ ಉಣಿಸೀನಿ. ಇದ ಕೈಲೆ ಮಣ್ಣು ಹಾಕೀನಿ."

ಯಾರೋ ಕಾಂಕ್ರೀಟ್ ಮಿಕ್ಸರ್ ಬಂದ್ ಮಾಡಿದರು.

ಅಂದು ತಮ್ಮನನ್ನು ಸೇರಿಸಿದ್ದ ಆಸ್ಪತ್ರೆಯ ಗೋಡೆಯ ಮೇಲೊಂದು ಬೋರ್ಡ್ ಇತ್ತು. ಅವನ ಪಕ್ಕ ಇಪ್ಪತ್ತು ದಿನ ಅದರ ಕೆಳಗೇ ಕುಳಿತಿದ್ದೆ, ಓದಲು ಬರುತ್ತಿರಲಿಲ್ಲ. ಅವನು ತೀರಿಕೊಂಡ ಮೇಲೆ ರಾತ್ರಿ ಶಾಲೆಗೆ ಸೇರಿದೆ. ಅಕ್ಷರ ಕೂಡಿಸಲು ಬಂದ ದಿನ ಮೊದಲು ಹೋಗಿ ಓದಿದ್ದು ಅದನ್ನೇ...

'ಬಿದ್ದವರ ಕುತ್ತಿಗೆ ಅಲುಗಾಡಿಸಬೇಡಿ. ಎಳೆಯಬೇಡಿ.'

ಫಕೀರಪ್ಪನ ಹಿಡಿತ ಸಡಿಲವಾಯಿತು. ನನ್ನ ಪಕ್ಕ ಉಸುಕಿನಲ್ಲಿ ಮಂಡಿಯೂರಿದ.

"ಹೆಂಗ ಹಿಡೀಲಿ... ತೋರಸ್ರಿ ಆಯಿ."

ಅಂಬುಲೆನ್ಸ್ ಬರಲು ಒಟ್ಟು ನಲವತ್ತು ನಿಮಿಷ ಹಿಡಿಯಿತು. ಬಂದವರು ಕುತ್ತಿಗೆಗೆ ಪಟ್ಟಿ ಕಟ್ಟಿ, ಹಲಗೆಯ ಮೇಲೆ ಮಲಗಿಸುವವರೆಗೂ ನಾಲ್ಕು ಕೈ ಅಲುಗಲಿಲ್ಲ.

ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ಡಾಕ್ಟರ್ ಕಂಪ್ಯೂಟರಿನಲ್ಲಿ ನಮಗೂ ತೋರಿಸಿದರು.

"ನೋಡ್ರಿ, ಕುತ್ತಿಗೆಯ ಐದನೇ ಎಲುಬು ಮುರಿದಿದೆ. ಈ ಚೂರು ಬೆನ್ನುಹುರಿಗೆ ಇನ್ನೇನು ತಾಗುವಂತಿದೆ. ಜಗ್ಗಿದ್ದರೆ ಕೈಕಾಲು ಹೋಗುತ್ತಿದ್ದವು... ಬಹುಶಃ ಜೀವವೂ."

ಫಕೀರಪ್ಪ ಗೋಡೆಗೆ ಒರಗಿ ಮಗುವಿನಂತೆ ಅತ್ತ.

ಓಣಿಯಲ್ಲಿ ಈಗ ಕೆಲವರು ನನ್ನ ಜೊತೆ ಮಾತಾಡುವುದಿಲ್ಲ. "ಒಡಹುಟ್ಟಿದವನನ್ನ ಹಾಸಿಗಿ ಹಿಡಿಸಿದಾಕಿ" ಅನ್ನುತ್ತಾರೆ. ಅನ್ನಲಿ, ಸುಳ್ಳಲ್ಲವಲ್ಲ. ಆದರೆ ಕುತ್ತಿಗೆ ಹಿಡಿದುಕೊಂಡು ಬಂದವರಿಗೆ ಈಗ ನೆಪ ಹೇಳುವುದಿಲ್ಲ. ತಮ್ಮನ ಕಥೆ ಹೇಳಿ, ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ.

ಆಪರೇಷನ್ ಆದ ಮೂರನೇ ದಿನ ಪಾರವ್ವನನ್ನು ನೋಡಲು ಹೋಗಿದ್ದೆ. "ಅಜ್ಜಿಯ ಬೆರಳು ಹಿಡಿದು ಗಟ್ಟಿಯಾಗಿ ಒತ್ತಮ್ಮ, ನೋಡೋಣ," ಅಂದರು ಡಾಕ್ಟರ್.

ಒತ್ತಿದಳು ನೋಡಿ...

"ಏ ಬಿಡಬೇ, ಬೆರಳು ಮುರೀತೀಯೇನ!" ಅಂತ ಚೀರಿದೆ. ವಾರ್ಡಿನವರೆಲ್ಲ ನಕ್ಕರು. ಅವಳು ಬಿಡಲಿಲ್ಲ... ನಾನೂ ಕೈ ಎಳೆದುಕೊಳ್ಳಲಿಲ್ಲ.

ಮುಚ್ಚಿಟ್ಟ ತಪ್ಪು ನಮ್ಮೊಬ್ಬರನ್ನೇ ಸುಡುತ್ತದೆ, ಒಪ್ಪಿಕೊಂಡ ತಪ್ಪು ಇನ್ನೊಬ್ಬರನ್ನು ಕಾಯುತ್ತದೆ.

ನಿಮ್ಮ ಹೆಸರು ಕೆಟ್ಟರೆ ಒಂದು ಜೀವ ಉಳಿಯುತ್ತದೆ ಅಂದರೆ... ನೀವು ಬಾಯಿ ಬಿಡುತ್ತೀರಾ?