ಜೇನು ನೆಕ್ಕಿಸುವ ಶಾಸ್ತ್ರ

ಹಸಿ ಬಾಣಂತಿ ದಾಕ್ಷಾಯಣಿ ಮಗುವನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ್ದಳು. ಎದುರಿಗೆ ಅತ್ತೆ ಕುಕ್ಕರಗಾಲಲ್ಲಿ ಕೂತು ಚಿನ್ನದ ಉಂಗುರವನ್ನು ಜೇನಿನಲ್ಲಿ ಅದ್ದುತ್ತಿದ್ದಳು.

"ಕೂಸಿನ ಬಾಯಿ ಬಿಡಿಸೇ. ಜೇನು ನೆಕ್ಕಿಸಿ, ನಾಕು ಹನಿ ನೀರು ಬಿಡ್ತೀನಿ."

"ಬ್ಯಾಡ ಅತ್ತೆ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಕುಡಿಸಬ್ಯಾಡ ಅಂದಾರೆ ನರ್ಸಮ್ಮ. ಎಳೇ ಹೊಟ್ಟೆ, ತಡೆಯಲ್ಲ."

"ನರ್ಸಮ್ಮ ಹೆತ್ತವಳಾ ನಾಕು? ನಾನು ಹೆತ್ತೀನಿ."

ಬಾಗಿಲಲ್ಲಿ ನಿಂತಿದ್ದ ಗಂಡ ತಿಪ್ಪೇಶ ಕಾಲರ್ ಎತ್ತಿದ. ಮನೆ ಜಗಳದಲ್ಲೂ ಅವನಿಗೆ ಹೀರೋ ಎಂಟ್ರಿಯೇ ಬೇಕು.

"ಲೇ, ಸಾಕ್ಷಿ ಇಲ್ಲೇ ನಿಂತೈತಿ ನೋಡು! ಅವ್ವನ ಜೇನು ನೆಕ್ಕಿ ಬೆಳೆದ ಬಾಡಿ ಇದು. ತೊಡೆ ತಟ್ಟಿದ್ರೆ ಜಿಲ್ಲೆನೇ ಶೇಕ್ ಆಗ್ತದೆ!"

ದಾಕ್ಷಾಯಣಿಗೆ ನಗು ಬರಲಿಲ್ಲ. ಗಂಡನೂ ಆ ಕಡೆ ಸೇರಿದ ಮೇಲೆ ಆ ಮನೆಯಲ್ಲಿ ಅವಳ ಮಾತು ನಡೆಯುವುದಿಲ್ಲ. ಮಗುವನ್ನು ತಬ್ಬಿದ್ದ ತೋಳು ಸಡಿಲವಾಯಿತು.

ಅತ್ತೆ ಮಗನತ್ತ ತಿರುಗಿದಳು. "ನಿಂಗೆಲ್ಲಿ ನೆಕ್ಕಿಸಿದ್ನೋ? ನೆಕ್ಕಿಸಿದ್ದು ನಿನ್ನ ಅಣ್ಣಂದಿರಿಗೆ, ಮೂವರಿಗೂ."

"ಸತ್ತು ಹೋದೋರಿಗಾ?" ತಿಪ್ಪೇಶನ ಕಾಲರ್ ತಾನಾಗಿಯೇ ಇಳಿಯಿತು. "ನಂಗ್ಯಾಕೆ ನೆಕ್ಕಿಸ್ಲಿಲ್ಲವ್ವ?"

"ಮೂರೂ ಕೂಸು ತಿಂಗಳು ತುಂಬೋದ್ರೊಳಗೆ ಭೇದಿಯಾಗಿ ಹೋದ್ವು. ನೀನೂ ದಕ್ಕೋದಿಲ್ಲ ಅಂತ ನಿಂಗೆ ಯಾವ ಶಾಸ್ತ್ರನೂ ಮಾಡ್ಲಿಲ್ಲ ಕಣೋ. ತಿಪ್ಪೆ ಮ್ಯಾಲೆ ಹೊರಳಿಸಿ ಹೆಸರಿಟ್ಟು, ಬರೀ ಎದೆಹಾಲು ಕುಡಿಸ್ಕೊಂತ, ಯಾವಾಗ ಸಾಯ್ತೀಯೋ ಅಂತ ಕಾದೆ."