ಖಾಲಿ ಹಗೇವು

ಸರಿರಾತ್ರಿ ಕಲ್ಲು ಜರುಗಿದ ಸಣ್ಣ ಸದ್ದಾಯಿತು. ಹಸಿವಿಗೆ ಅತ್ತು ಸೋತು ಮಲಗಿದ್ದ ತಮ್ಮನನ್ನು ಬಿಟ್ಟು ನೀಲವ್ವ ಹೊರಗೆ ಬಂದಳು.

ಧಾತು ಸಂವತ್ಸರದ ಬರಗಾಲ. ನೆಲದಡಿಯ ತನ್ನ ಹಗೇವಿನಲ್ಲಿ ಒಂದು ಕಾಳೂ ಇಲ್ಲವೆಂದು ಊರೆದುರು ಮಗನ ಆಣೆಯಿಟ್ಟಿದ್ದ ಗೌಡ, ಅದರಿಂದಲೇ ಬುಟ್ಟಿಗಟ್ಟಲೆ ಜೋಳ ಎತ್ತುತ್ತಿದ್ದ.

“ನಾಚಿಕಿ ಆಗೂದಿಲ್ಲೇನ್ರಿ ಗೌಡ್ರ? ಮಂದಿ ಹುಣಸಿಬೀಜ ಕುಟ್ಟಿ ತಿನ್ನಾಕತ್ತಾರ.”

“ಮೆಲ್ಲಕ ಮಾತಾಡವ್ವ.”

“ಯಾಕ್ರಿ? ಈಗ ಊರೆಲ್ಲ ಎಬ್ಬಿಸ್ತೀನಿ.”

“ಎಬ್ಬಿಸು. ಹಂಚಿದರ ಮನಿಗೊಂದು ಬೊಗಸಿ, ಅಲ್ಲಿಗೆ ಮುಗೀತು. ಬಾಯಿ ಮುಚ್ಚಿದರ ಮಳಿ ಬರೂತನಕ ನಿನ್ನ ತಮ್ಮಗ ದಿನಾ ರೊಟ್ಟಿ.”

ಬೆಳಿಗ್ಗೆ ಪಕ್ಕದ ಮನೆಯ ಕಾಶವ್ವ ಬಂದಳು. “ರಾತ್ರಿ ಹಗೇವಿನ ಕಡೆ ಏನೋ ಸದ್ದಾತಲ್ಲ?”

ನೀಲವ್ವ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ತಮ್ಮ ರೊಟ್ಟಿ ತಿನ್ನುತ್ತಿದ್ದ.

“ನಾನೇ ಇಣುಕಿ ನೋಡೇನಿ ಚಿಗವ್ವ. ನನ್ನ ತಮ್ಮನ ಆಣಿ, ಖಾಲಿ ಐತಿ.”